ತೆಂಗಿನೆಣ್ಣೆ ಹೆಪ್ಪುಗಟ್ಟುವ ಬೆಳಿಗ್ಗೆ

ಡಿಸೆಂಬರ್ 26ರ ಬೆಳಿಗ್ಗೆ ಮಣಿಪಾಲದಲ್ಲಿ ಚಳಿ ಎಷ್ಟಿದೆ ಎಂದು ತಿಳಿಯಲು ಮೊಬೈಲು ನೋಡಬೇಕಾಗಿಲ್ಲ. ಬಚ್ಚಲಿನ ಗೂಡಿನಲ್ಲಿರುವ ತೆಂಗಿನೆಣ್ಣೆಯ ಬಾಟಲಿ ನೋಡಿದರೆ ಸಾಕು. ಎಣ್ಣೆ ತಿಳಿಯಾಗಿದ್ದರೆ ಚಳಿ ಇನ್ನೂ ಬಂದಿಲ್ಲ. ತಳದಲ್ಲಿ ಬಿಳಿ ಮೋಡ ಕಟ್ಟಿದ್ದರೆ ಬಂದಿದೆ. ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳದಿದ್ದರೆ ಕರಾವಳಿಯವರ ಪಾಲಿಗೆ ಅದು ಕಡುಚಳಿ. ಘಟ್ಟದ ಮೇಲಿನವರು ಇದನ್ನು ಕೇಳಿದರೆ ನಗುತ್ತಾರೆ, ನಗಲಿ.

ತೆಂಗಿನೆಣ್ಣೆ ಕರಗುವುದು 24-25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗೆಂದು 24ಕ್ಕೆ ಇಳಿದ ಕೂಡಲೇ ಅದು ಗಟ್ಟಿಯಾಗುವುದಿಲ್ಲ. ಹರಳು ಕಟ್ಟಲು ಮೊದಲೊಂದು ಬೀಜಹರಳು ಬೇಕು. ಪೂರ್ತಿ ತಿಳಿಯಾದ ಎಣ್ಣೆ 22 ಡಿಗ್ರಿಯಲ್ಲೂ ಗಂಟೆಗಟ್ಟಲೆ ನೀರಾಗಿಯೇ ಇರಬಲ್ಲದು. ನಿನ್ನೆಯ ಗಟ್ಟಿ ಚೂರು ಒಂದಿಷ್ಟು ಉಳಿದಿದ್ದರೆ ಮಾತ್ರ ರಾತ್ರಿಯೊಳಗೆ ಇಡೀ ಬಾಟಲಿ ಬೆಳ್ಳಗಾಗುತ್ತದೆ. ಒಂದೇ ಡಬ್ಬದಿಂದ ಎರಡು ಬಾಟಲಿಗೆ ಸುರಿದ ಎಣ್ಣೆ ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ನೀರು ಆಗುವುದು ಇದರಿಂದಲೇ, ಕಲಬೆರಕೆಯಿಂದಲ್ಲ. ಚಳಿಗಾಲಕ್ಕೆ ಎಣ್ಣೆಯನ್ನು ಅಗಲ ಬಾಯಿಯ ಬಾಟಲಿಗೆ ಹಾಕಿಡುವುದು ಜಾಣತನ, ಬೆರಳಲ್ಲಿ ತೋಡಿ ತೆಗೆಯಬಹುದು. ಕಿರುಬಾಯಿಯದಾದರೆ ಬೆಚ್ಚನೆ ನೀರಿನ ಚೆಂಬಿನಲ್ಲಿ ಐದು ನಿಮಿಷ ನಿಲ್ಲಿಸಿದರಾಯಿತು. ಪ್ಲಾಸ್ಟಿಕ್ ಬಾಟಲಿಯನ್ನು ಒಲೆಯ ದಂಡೆಯ ಮೇಲಿಟ್ಟು ಮರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ.

ಕರಾವಳಿಯ ಚಳಿಗಾಲವೆಂದರೆ ಇಷ್ಟೇ, ಮೂರು ನಾಲ್ಕು ಡಿಗ್ರಿಗಳ ವ್ಯವಹಾರ. ಮೈಗೆ ಅದು ಹೆಚ್ಚೇನೂ ತಿಳಿಯದು. ತಿಳಿಯುವುದು ಎಣ್ಣೆಗೆ, ದೋಸೆ ಹಿಟ್ಟಿಗೆ, ಗಾಳಿಗೆ, ದೂರದ ಸದ್ದಿಗೆ. ಉಳಿದ ದಿನಗಳಲ್ಲಿ ಅದನ್ನು ಗಮನಿಸಲು ಈ ಊರಿಗೆ ಪುರುಸೊತ್ತಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿದು ಹಾಸ್ಟೆಲುಗಳು ಬರಿದಾಗಿ, ಕ್ರಿಸ್ಮಸ್ಸೂ ಕಳೆದು, ಹೊಸ ವರ್ಷದ ಗದ್ದಲ ಇನ್ನೂ ಶುರುವಾಗದ ಈ ನಾಲ್ಕೈದು ಬೆಳಿಗ್ಗೆಗಳಲ್ಲಿ ಮಾತ್ರ ಪುರುಸೊತ್ತು.

ಮಣಿಪಾಲ ಕಡಲ ದಂಡೆಯ ಊರಲ್ಲ, ಕಡಲಿನಿಂದ ಹತ್ತು ಕಿಲೋಮೀಟರ್ ಒಳಗೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡದ ಮೇಲೆ ಕೂತ ಊರು. ಸಮುದ್ರಮಟ್ಟದಿಂದ ಸುಮಾರು 75 ಮೀಟರ್ ಎತ್ತರ. ಟಿ.ಎಂ.ಎ. ಪೈ ಅವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಇದು ಬೋಳುಗುಡ್ಡ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ಊರಿನ ಹೆಸರು ಮಾತ್ರ ಅದಕ್ಕಿಂತ ಹಳೆಯದಾದ ಮಣ್ಣಪಳ್ಳ ಕೆರೆಯಿಂದ ಬಂದದ್ದು. ಪಳ್ಳವೆಂದರೆ ತುಳುವಿನಲ್ಲಿ ಕೆರೆ. ಊರಿಗೆ ಊರೇ ಕಾಲೇಜಿನ ಸುತ್ತ ಬೆಳೆದದ್ದರಿಂದ ಕಾಲೇಜಿಗೆ ರಜೆಯೆಂದರೆ ಊರಿಗೇ ರಜೆ. ಆಸ್ಪತ್ರೆ ಮಾತ್ರ ಇದಕ್ಕೆ ಹೊರತು. ಟೈಗರ್ ಸರ್ಕಲ್ಲಿನಲ್ಲಿ ಬೈಕುಗಳಿಲ್ಲದ ಬೆಳಿಗ್ಗೆ ಆರಕ್ಕೂ ಘಟ್ಟದ ಮೇಲಿನಿಂದ ರಾತ್ರಿಯಿಡೀ ಬಂದ ಆಂಬುಲೆನ್ಸು, ಜೀಪುಗಳು ಆಸ್ಪತ್ರೆಯ ಕಡೆ ತಿರುಗುತ್ತಿರುತ್ತವೆ. ಅಲ್ಲಿನ ಬೆಳಕು ಎಂದೂ ಆರುವುದಿಲ್ಲ. ಚಹಾದಂಗಡಿಗಳಲ್ಲಿ ತೆರೆದಿರುವುದು ಕೂಡ ಆ ಬದಿಯವೇ.

ಸೂರ್ಯೋದಯ ನೋಡಬೇಕೆನ್ನುವವರು ಎಂಡ್ ಪಾಯಿಂಟಿನತ್ತ ಹೋಗುತ್ತಾರೆ. ಗುಡ್ಡ ಅಲ್ಲಿ ಕಡಿದು ಬಿದ್ದಂತೆ ಮುಗಿದು ಕೆಳಗೆ ಸ್ವರ್ಣಾ ನದಿಯ ಕಣಿವೆ ತೆರೆದುಕೊಳ್ಳುತ್ತದೆ. ಬಹಳ ಮಂದಿ ತಪ್ಪುವುದು ವೇಳೆಯಲ್ಲಿ. ಡಿಸೆಂಬರ್ 22 ದಾಟಿದ ಮೇಲೆ ಹಗಲು ಹಿಗ್ಗುತ್ತದೆ, ಹಾಗಾಗಿ ಬೆಳಕೂ ಬೇಗ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹಗಲು ಹಿಗ್ಗುವುದು ನಿಜ, ಆದರೆ ಸಂಜೆಯ ಕಡೆಯಿಂದ. ಉಡುಪಿಯ ಅಕ್ಷಾಂಶದಲ್ಲಿ ಬೆಳಗಾಗುವುದು ಜನವರಿ ಮೂರನೆಯ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ಡಿಸೆಂಬರ್ 26ಕ್ಕೆ ಉದಯ ಸುಮಾರು 6.51ಕ್ಕೆ, ಜನವರಿ 20ರ ಹೊತ್ತಿಗೆ 6.59ರ ಆಸುಪಾಸು. ಸಂಜೆ ಅತಿ ಬೇಗ ಕತ್ತಲಾಗುವ ದಿನಗಳು ನವೆಂಬರ್ ಕೊನೆಯ ಭಾಗದಲ್ಲೇ ಕಳೆದುಹೋಗಿರುತ್ತವೆ. ಭೂಮಿಯ ಅಕ್ಷ ವಾಲಿರುವುದರಿಂದಲೂ ಜನವರಿಯ ಮೊದಲ ವಾರ ಅದು ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಓಡುವುದರಿಂದಲೂ ನಡುಹಗಲೇ ದಿನಕ್ಕೆ ಅರ್ಧ ನಿಮಿಷದಷ್ಟು ಮುಂದಕ್ಕೆ ಜಾರುತ್ತದೆ, ಉದಯವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಇನ್ನೊಂದು ಲೆಕ್ಕವಿದೆ. ಆ ದಿನ ಸೂರ್ಯ ಹುಟ್ಟುವುದು ನೇರ ಮೂಡಣದಲ್ಲಲ್ಲ, ಅಲ್ಲಿಂದ 24 ಡಿಗ್ರಿ ತೆಂಕಣಕ್ಕೆ ಸರಿದು. ಮಣಿಪಾಲದಿಂದ ಆ ದಿಕ್ಕಿಗೆ ಗೆರೆ ಎಳೆದರೆ ಅದು ಹೋಗಿ ಮುಟ್ಟುವುದು ಸುಮಾರು 57 ಕಿಲೋಮೀಟರ್ ಆಚೆಯ ಕುದುರೆಮುಖದ ಮಗ್ಗುಲಿಗೆ. 1,894 ಮೀಟರ್ ಎತ್ತರದ ಆ ಬೆಟ್ಟ ದಿಗಂತದ ಮೇಲೆ ಒಂದೂವರೆ ಡಿಗ್ರಿಯಷ್ಟು ಎದ್ದು ನಿಂತಿರುವುದರಿಂದ ಪಂಚಾಂಗದ ಉದಯಕ್ಕೂ ಕಣ್ಣಿಗೆ ಕಾಣುವ ಉದಯಕ್ಕೂ ಆರೇಳು ನಿಮಿಷ ಅಂತರ ಬೀಳುತ್ತದೆ. 6.51ಕ್ಕೆ ಕಾದು, ಮೋಡವಿದೆಯೇನೋ ಎಂದು ಬೇಸರಿಸಿ 6.55ಕ್ಕೆ ಹೊರಟುಬಿಟ್ಟರೆ ತಪ್ಪು ಸೂರ್ಯನದಲ್ಲ. ಏಳು ಗಂಟೆಯವರೆಗೆ ನಿಲ್ಲಬೇಕು. ಒಳ್ಳೆಯ ನೋಟ ಸಿಗುವುದು ಅದಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಎಂಬುದು ಬೇರೆ ಮಾತು. ಆಗ ಘಟ್ಟದ ಸಾಲುಗಳು ಒಂದರ ಹಿಂದೊಂದು ಬೇರೆಬೇರೆಯಾಗಿ ಕಾಣುತ್ತವೆ. ಸೂರ್ಯ ಮೇಲೆ ಬಂದನೆಂದರೆ ಎಲ್ಲವೂ ಒಂದೇ ಬೂದು ಪರದೆ.

ಕೆಳಗಿನ ಕಣಿವೆಯಲ್ಲಿ ಮಂಜು, ಮೇಲೆ ಗುಡ್ಡದಲ್ಲಿ ಇಲ್ಲ. ಬೋಳು ಮುರಕಲ್ಲು ಹಗಲು ಹೀರಿದ ಬಿಸಿಯನ್ನು ಮೋಡವಿಲ್ಲದ ರಾತ್ರಿಯಲ್ಲಿ ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ತೂಕ ಹೆಚ್ಚಿ, ನೀರಿನಂತೆ ಇಳಿಜಾರು ಹಿಡಿದು ಕಣಿವೆಗೆ ಸೇರುತ್ತದೆ. ಹಾಗಾಗಿ ಗದ್ದೆಬಯಲಿನ ಮನೆಯಲ್ಲಿ ಗುಡ್ಡದ ಹಾಸ್ಟೆಲಿಗಿಂತ ಒಂದೆರಡು ಡಿಗ್ರಿ ಚಳಿ ಹೆಚ್ಚು. ಎತ್ತರಕ್ಕೆ ಹೋದಷ್ಟೂ ತಂಪು ಎಂಬ ಶಾಲೆಯ ಪಾಠ ಈ ಹೊತ್ತಿಗೆ ಇಲ್ಲಿ ತಲೆಕೆಳಗು. ಬಚ್ಚಲೊಲೆಗಳ ಹೊಗೆ ನೋಡಿದರೆ ಇದು ಇನ್ನೂ ಸ್ಪಷ್ಟ. ಹೊಗೆ ನೆಟ್ಟಗೆ ಏರಿ ತೆಂಗಿನ ತಲೆಯ ಮಟ್ಟಕ್ಕೆ ಬಂದು, ಮಾಡು ತಾಗಿದಂತೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಮೇಲಿನ ಬೆಚ್ಚನೆಯ ಗಾಳಿಯೇ ಅದಕ್ಕೆ ಮಾಡು. ಆ ಹೊಗೆಯಲ್ಲಿ ಅರ್ಧ ಮಾತ್ರ ಬೆಂಕಿಯದು, ಉಳಿದರ್ಧ ಇಬ್ಬನಿಯದು. ಮಡಲು, ಕೊತ್ತಳಿಗೆಗಳನ್ನು ಅಂಗಳದಲ್ಲೇ ಬಿಟ್ಟರೆ ಬೆಳಿಗ್ಗೆಗೆ ನೆನೆದು ಉರಿಯದೆ ಕಣ್ಣುರಿಸುತ್ತವೆ. ಹಿಂದಿನ ಸಂಜೆಯೇ ನಾಲ್ಕು ಗೆರಟೆ, ಒಂದು ಹಿಡಿ ಒಣ ಸೋಗೆ ಒಳಗಿಟ್ಟವರಿಗೆ ಹಂಡೆ ನೀರು ಬೇಗ ಕಾಯುತ್ತದೆ.

ಸದ್ದಿನ ವಿಷಯವೂ ಇದೇ. ಮಣಿಪಾಲದ ನಿಶ್ಶಬ್ದವೆಂದರೆ ಏನೂ ಕೇಳಿಸದಿರುವುದಲ್ಲ, ದೂರದ್ದು ಕೇಳಿಸುವುದು. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಇದ್ದಾಗ ಮೇಲೆ ಹೋದ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಇಂದ್ರಾಳಿಯ ಉಡುಪಿ ನಿಲ್ದಾಣಕ್ಕೆ ಬರುವ ಕೊಂಕಣ ರೈಲಿನ ಕೂಗು, ಯಾವುದೋ ಬಯಲಿನಲ್ಲಿ ಬೆಳಗಿನ ಜಾವಕ್ಕೆ ಮುಗಿಯುತ್ತಿರುವ ಯಕ್ಷಗಾನದ ಆಟದ ಚೆಂಡೆ, ಗುಡ್ಡದ ಕೆಳಗೆ ಕಲ್ಯಾಣಪುರದ ಕಡೆಯ ಗಂಟೆ ಎಲ್ಲವೂ ಪಕ್ಕದ ಓಣಿಯಲ್ಲಿ ಆದಂತೆ ಕೇಳುತ್ತವೆ. ಬಿಸಿಲು ಏರಿ ನೆಲ ಕಾದೊಡನೆ ಇದೇ ಸದ್ದುಗಳು ಮೇಲಕ್ಕೆ ಬಾಗಿ ಕಳೆದುಹೋಗುತ್ತವೆ. ಆಗ ಮೌನ ಮುರಿಯಿತು ಎನ್ನುತ್ತೇವೆ, ನಿಜಕ್ಕೂ ಕಿವಿ ಕುಗ್ಗಿರುತ್ತದೆ.

ಆರೂವರೆಗೆ ಮರಗಳ ಅಡಿಯಿಂದ ಎರಡೇ ಸ್ವರದ ಸಿಳ್ಳೆ ಕೇಳಿದರೆ ಅದು ನವರಂಗ. ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ತೆಂಕಣಕ್ಕೆ ಬರುವ ಹಕ್ಕಿ. ಬೆಳಕು ಹರಿಯುವಾಗ ಮತ್ತು ಕಂತುವಾಗ ಬಿಟ್ಟರೆ ಹೆಚ್ಚು ಕೂಗುವುದಿಲ್ಲ. ಉದುರಿದ ಎಲೆ ಕೆದಕಿ ಹುಳ ತಿನ್ನುವ ಇದಕ್ಕೆ ಗುಡಿಸಿ ಚೊಕ್ಕಟ ಮಾಡಿದ ಕ್ಯಾಂಪಸ್ಸು ಬೇಡ, ತರಗೆಲೆ ಉಳಿದ ಹಾಡಿ ಬೇಕು. ಹಾಡಿಗಳೋ, ಪ್ರತಿ ವರ್ಷ ಒಂದೊಂದು ಕಟ್ಟಡದಷ್ಟು ಕರಗುತ್ತಿವೆ.

ಗುಡ್ಡ ಇಳಿದು ಸ್ವರ್ಣಾ ದಂಡೆಯ ಕಲ್ಯಾಣಪುರ, ಸಂತೆಕಟ್ಟೆಯ ಕಡೆ ಹೋದರೆ ಕ್ರಿಸ್ಮಸ್ ಇನ್ನೂ ಮುಗಿದಿಲ್ಲ. 2012ರಲ್ಲಿ ಉಡುಪಿ ಧರ್ಮಪ್ರಾಂತ ಆದಾಗ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಅದರ ಕೆಥೆಡ್ರಲ್ ಆಯಿತು. ಸುತ್ತಲಿನ ಮನೆಗಳಲ್ಲಿ ಬಾಲಯೇಸುವಿನ ಗೋದಲಿ ಜನವರಿ 6ರವರೆಗೆ ಉಳಿಯುವುದು ವಾಡಿಕೆ. ಹೊರಗೆ ತೂಗಿದ ಕಾಗದದ ನಕ್ಷತ್ರಗಳು ಮಾತ್ರ ಎರಡನೇ ದಿನಕ್ಕೇ ಜೋಲುಮೋರೆ ಹಾಕಿರುತ್ತವೆ. ಇಬ್ಬನಿ ಬೀಳುವುದು ತೆರೆದ ಆಕಾಶಕ್ಕೆ ಮೈಯೊಡ್ಡಿದ ವಸ್ತುವಿನ ಮೇಲೆ. ಮಾವಿನ ಕೊಂಬೆಯ ತುದಿಗೆ ಕಟ್ಟಿದ ನಕ್ಷತ್ರ ನೆನೆದು ಅಂಟು ಬಿಡುತ್ತದೆ, ಮಾಡಿನ ಇಳಿಜಾರಿನಿಂದ ಎರಡಡಿ ಒಳಗೆ ತೂಗಿದ್ದು ಗರಿಗರಿಯಾಗಿಯೇ ಇರುತ್ತದೆ. ಹಿಂದೆ ಒಳಗಿನ ಬಲ್ಬಿನ ಬಿಸಿಯೇ ಕಾಗದವನ್ನು ಒಣಗಿಸಿಡುತ್ತಿತ್ತು. ಎಲ್‌ಇಡಿ ಬಂದ ಮೇಲೆ ಕರೆಂಟು ಬಿಲ್ಲು ಇಳಿಯಿತು, ನಕ್ಷತ್ರದ ಆಯುಷ್ಯವೂ ಇಳಿಯಿತು.

ಅಡುಗೆಮನೆಯಲ್ಲಿ ಹಬ್ಬದ ದುಕ್ರಾಮಾಸ್, ಅಂದರೆ ಹಂದಿಮಾಂಸದ ಸಾರು, ಉಳಿದಿರುತ್ತದೆ. ಎರಡನೇ ದಿನ ಅದರ ರುಚಿ ಹೆಚ್ಚು ಎಂಬುದು ಸುಳ್ಳಲ್ಲ, ಬಾಫತ್ ಪುಡಿಯ ಖಾರವೂ ಹುಳಿಯೂ ತುಂಡಿನ ಒಳಗಿಳಿಯಲು ಒಂದು ರಾತ್ರಿ ಬೇಕು. ಪಾತ್ರೆಯ ಮೇಲೆ ಕೊಬ್ಬು ಬೆಳ್ಳಗೆ ಪದರ ಕಟ್ಟಿರುವುದು ಕಂಡು, ಚಳಿಯಿದೆಯಲ್ಲ, ಹೊರಗೇ ಇರಲಿ ಎಂದುಕೊಳ್ಳುವುದೇ ಮೋಸ. ಕೊಬ್ಬು ಹೆಪ್ಪುಗಟ್ಟಲು ಸಾಕಾಗುವ 22 ಡಿಗ್ರಿ ಸಾರನ್ನು ಕೆಡದಂತೆ ಕಾಯಲು ಸಾಲದು. ನಡುಹಗಲಿಗೆ ಅದೇ ಅಡುಗೆಮನೆ 32ಕ್ಕೆ ಏರಿರುತ್ತದೆ. ದೊಡ್ಡ ಪಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಉಗುರುಬೆಚ್ಚಗೆ ಮಾಡುವುದು ಇನ್ನೂ ಕೆಟ್ಟದ್ದು. ಆಯಾ ಹೊತ್ತಿಗೆ ಬೇಕಾದಷ್ಟೇ ಬೇರೆ ಪಾತ್ರೆಗೆ ತೆಗೆದು, ತಳಮಳ ಕುದಿ ಬರಿಸಿ ಬಡಿಸಬೇಕು. ಉಳಿದದ್ದು ಫ್ರಿಜ್ಜಿನಲ್ಲಿ.

ಅದಕ್ಕೆ ಜೋಡಿ ಇಡ್ಲಿಯಂಥ ಸಾನ್ನಾಂ. ಎರಡು ಪಾಲು ಕುಚ್ಚಲಕ್ಕಿ, ಒಂದು ಪಾಲು ಬೆಳ್ತಿಗೆ ಅಕ್ಕಿ, ಒಂದು ಹಿಡಿ ಉದ್ದು ನೆನೆಸಿ ನುಣ್ಣಗೆ ಅರೆದು, ನೀರಿನ ಬದಲು ತಾಜಾ ಕಳ್ಳು ಹಾಕಿ ಹುದುಗಿಸುವ ಹಿಟ್ಟು. ಮೇ ತಿಂಗಳಲ್ಲಿ ನಾಲ್ಕೈದು ಗಂಟೆಗೆ ಉಕ್ಕುವ ಈ ಹಿಟ್ಟು ಡಿಸೆಂಬರಿನಲ್ಲಿ ಎಂಟು ಹತ್ತು ಗಂಟೆ ಕೇಳುತ್ತದೆ. ಅವಸರಕ್ಕೆ ಕಳ್ಳು ಹೆಚ್ಚು ಸುರಿದರೆ ಹಿಟ್ಟು ನೀರಾಗಿ ಸಾನ್ನಾಂ ಚಪ್ಪಟೆಯಾಗುತ್ತದೆ. ಸೋಡಾ ಹಾಕಿದರೆ ಉಬ್ಬುತ್ತದೆ, ಆದರೆ ಕಳ್ಳಿನ ಸಣ್ಣ ಸಿಹಿಹುಳಿ ಹೋಗಿ ಸಾಬೂನಿನ ವಾಸನೆ ಬರುತ್ತದೆ. ಸರಿಯಾದ ಉಪಾಯವೆಂದರೆ ಹಿಟ್ಟಿನ ಪಾತ್ರೆಯನ್ನು ರಾತ್ರಿ ಆರಿದ ಬಚ್ಚಲೊಲೆಯ ಪಕ್ಕದಲ್ಲಿ ಇಡುವುದು. ಬೆಳಿಗ್ಗೆ ಬಟ್ಟಲಿಗೆ ಅರ್ಧಕ್ಕಿಂತ ತುಸು ಹೆಚ್ಚು ಹುಯ್ದು, ಮತ್ತೆ ಅರ್ಧ ಗಂಟೆ ಹಾಗೇ ಬಿಟ್ಟು, ಆಮೇಲೆ ಹಬೆಗೆ. ಹುಯ್ದ ಕೂಡಲೇ ಬೇಯಿಸಿದರೆ ಕಲಕಿದಾಗ ಸತ್ತ ಗುಳ್ಳೆಗಳು ಮತ್ತೆ ಹುಟ್ಟಲು ಹೊತ್ತೇ ಸಿಗುವುದಿಲ್ಲ.

ಹಾಸ್ಟೆಲಿನಲ್ಲಿ ಉಳಿದವರದು ಬೇರೆ ಪಾಡು. ಇಂಟರ್ನುಗಳು, ಸಂಶೋಧನೆಯವರು, ಟಿಕೆಟು ಸಿಗದ ಈಶಾನ್ಯದವರು, ಹೊರದೇಶದವರು. ಮೆಸ್ಸು ಅರ್ಧ ನಡೆಯುತ್ತದೆ, ಅರ್ಧ ಇಲ್ಲ. ಅವರನ್ನು ಸಾಕುವುದು ಬನ್ಸ್. ಸಿಪ್ಪೆ ಕಪ್ಪಾದ ಎರಡು ಬಾಳೆಹಣ್ಣು, ಮೂರು ಚಮಚ ಸಕ್ಕರೆ, ಎರಡು ಚಮಚ ಮೊಸರು, ಒಂದು ಚಮಚ ಜೀರಿಗೆ, ಕಾಲು ಚಮಚ ಸೋಡಾ, ಉಪ್ಪು, ಇವಕ್ಕೆ ಹಿಡಿದಷ್ಟು ಮೈದಾ, ಸುಮಾರು ಎರಡು ಲೋಟ. ನೀರು ಬೇಡ. ಹಿಟ್ಟು ಕೈಗೆ ತುಸು ಅಂಟಬೇಕು, ಅಂಟುತ್ತದೆಂದು ಮೈದಾ ಸುರಿಯುತ್ತ ಹೋದರೆ ಬನ್ಸ್ ಅಲ್ಲ, ಸಿಹಿ ಪೂರಿ. ಬೇಸಿಗೆಯಲ್ಲಿ ಆರು ಗಂಟೆ ನೆನೆದರೆ ಸಾಕು, ಈಗ ಹತ್ತಾದರೂ ಬೇಕು. ಪೂರಿಗಿಂತ ದಪ್ಪಕ್ಕೆ, ಅರ್ಧ ಸೆಂಟಿಮೀಟರಿನಷ್ಟು ಲಟ್ಟಿಸಿ, ಹದ ಉರಿಯಲ್ಲಿ ಕರಿಯಬೇಕು. ಹಣ್ಣಿನ ಸಕ್ಕರೆ ಬೇಗ ಕೆಂಪಾಗುವುದರಿಂದ ಎಣ್ಣೆ ಜೋರು ಕಾದಿದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ಡಿಸೆಂಬರಿನಲ್ಲಿ ಹೋಟೆಲಿನ ಬನ್ಸ್ ಬಿರುಸಾಗಿದ್ದರೆ ಭಟ್ಟರನ್ನು ಬೈಯುವ ಮೊದಲು ಹಿಟ್ಟು ಕಲಸಿದ ಹೊತ್ತು ಯಾವುದೆಂದು ಕೇಳಬೇಕು.

ಸಮುದ್ರ ನೋಡುವುದಿದ್ದರೆ ಎಂಟರೊಳಗೆ ಮಲ್ಪೆಯಲ್ಲಿರಬೇಕು. ಉಡುಪಿಗೆ ಐದು, ಅಲ್ಲಿಂದ ಮಲ್ಪೆಗೆ ಇನ್ನಾರು ಕಿಲೋಮೀಟರ್. ರಾತ್ರಿಯಿಡೀ ನೆಲ 20-22 ಡಿಗ್ರಿಗೆ ತಣಿದಿರುವಾಗ ಕಡಲ ನೀರು 28ರ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅಲೆಯ ಎದುರು ಬೀಸುವ ಈ ನೆಲಗಾಳಿ ನೀರಿನ ಮೈಯನ್ನು ಕೈಯಿಂದ ಸವರಿದಂತೆ ನಯ ಮಾಡಿರುತ್ತದೆ. ಅಲೆ ಸಣ್ಣದು, ಮಗುಚುವುದೂ ದಡದ ಹತ್ತಿರವೇ. ಕಾಲಿಟ್ಟರೆ ನೀರು ಬೆಚ್ಚಗೆ, ಮರಳು ತಣ್ಣಗೆ. ಮೀನಿನ ವಾಸನೆ ಬಂದರಿನಿಂದ ಊರೊಳಗೆ ಬಾರದೆ ಕಡಲ ಮೇಲೆ ಹೋಗುವ ಹೊತ್ತೂ ಇದೇ. ನಡೆಯಲು ಗಟ್ಟಿ ಮರಳು ಬೇಕಿದ್ದರೆ ಇಳಿತದ ವೇಳೆ ನೋಡಿಕೊಳ್ಳಬೇಕು, ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಏಳಕ್ಕೆ ಸಿಕ್ಕ ದಡ ಇವತ್ತು ಏಳಕ್ಕೆ ಸಿಗುವುದಿಲ್ಲ.

ಹತ್ತರ ಮೇಲೆ ಮಲ್ಪೆಯ ಕಥೆಯೇ ಬೇರೆ. ಕ್ರಿಸ್ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ವಾರ ಬೆಂಗಳೂರೇ ಇಲ್ಲಿಗೆ ಇಳಿದು ಬಂದಂತಿರುತ್ತದೆ. ಸೇಂಟ್ ಮೇರೀಸ್ ದ್ವೀಪದ ದೋಣಿಗೆ ಸಾಲು, ಕಾರಿಗೆ ಜಾಗವಿಲ್ಲ. ಗುಡ್ಡದ ಮೇಲಿನ ಮಣಿಪಾಲ ಬರಿದಾಗಿರುವ ದಿನಗಳಲ್ಲೇ ಕೆಳಗಿನ ಮಲ್ಪೆ ತುಂಬಿ ತುಳುಕುತ್ತದೆ. ಸ್ಥಳೀಯರು ಈ ವಾರ ಕಡಲಿಗೆ ಬೆನ್ನು ಹಾಕಿ ಮಣ್ಣಪಳ್ಳದ ದಂಡೆಗೆ ಹೋಗುವುದು ಸರಿಯಾದ ತೀರ್ಮಾನವೇ. ಕೆರೆಯ ನೀರು ಗಾಳಿಗಿಂತ ಬೆಚ್ಚಗಿದ್ದ ಬೆಳಿಗ್ಗೆ ನೀರಿನ ಮೇಲಿಂದ ತೆಳ್ಳನೆ ಹಬೆ ಏಳುತ್ತದೆ, ಬಿಸಿಲು ತಾಗಿದ ಹತ್ತು ನಿಮಿಷಕ್ಕೆ ಇಲ್ಲವಾಗುತ್ತದೆ.

ಇಬ್ಬನಿಯ ಒಳಿತು ಕೆಡುಕು ಕೃಷಿಕರಿಗೆ ಬೇರೆ. ಭತ್ತ ಕೊಯ್ದ ಗದ್ದೆಯಲ್ಲಿ ಮಣ್ಣಿನ ಉಳಿಕೆ ತೇವವನ್ನು ನಂಬಿ ಬಿತ್ತಿದ ಉದ್ದಿಗೆ ಅದು ಆಸರೆ. ಹೂ ಬಿಡುವ ಮಾವಿಗೆ ಅದೇ ಬೂದಿರೋಗದ ದಾರಿ. ಒಂದೇ ಮನೆಯಲ್ಲಿ ಗದ್ದೆ ನೋಡುವವರು ಮಂಜು ಬರಲಿ ಎಂದರೆ ತೋಟ ನೋಡುವವರು ಬೇಡ ಎನ್ನುತ್ತಾರೆ.

ಕೊನೆಗೆ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬ. ಕಿಡಿಯೊ, ನೆವ್ರಿ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ. ಹಬ್ಬದಂದು ತಟ್ಟೆ ತುಂಬಿ ನೆರೆಯ ಮನೆಗಳಿಗೆ ಹೋದ ಮೇಲೂ ಪ್ರತಿ ಮನೆಯಲ್ಲಿ ಒಂದು ಡಬ್ಬ ಉಳಿದಿರುತ್ತದೆ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ, ಒಂದು ಚಿಪ್ಪು ಬಾಳೆಹಣ್ಣೋ ಒಂದು ಹಿಡಿ ಸಕ್ಕರೆಯೋ ಇಟ್ಟು ಕೊಡಬೇಕು. ಅಷ್ಟರಲ್ಲಿ ತಿಂಡಿ ಮೆತ್ತಗಾಗಿದೆ ಎಂಬ ದೂರು ಶುರು. ನೆವ್ರಿ ಮೆತ್ತಗಾಗುವುದು ಹೆಚ್ಚಾಗಿ ಒಳಗಿನಿಂದ. ಹೂರಣದ ಕೊಬ್ಬರಿ, ಎಳ್ಳು, ರವೆಗಳಲ್ಲಿ ಒಂದನ್ನು ಸರಿಯಾಗಿ ಹುರಿಯದಿದ್ದರೆ ಅದರ ತೇವ ಎರಡು ದಿನದಲ್ಲಿ ಕಣಕಕ್ಕೆ ಬರುತ್ತದೆ. ಅದಕ್ಕೆ ಮದ್ದಿಲ್ಲ, ಬೇಗ ತಿಂದು ಮುಗಿಸುವುದು. ಕಿಡಿಯೊ ಮೆತ್ತಗಾಗುವುದು ಹೊರಗಿನಿಂದ. ಗಾಳಿಯ ತೇವಾಂಶ ಶೇಕಡಾ 85ರ ಹತ್ತಿರ ಬಂದರೆ ಅದರ ಮೇಲಿನ ಸಕ್ಕರೆ ನೀರನ್ನು ಹೀರಿ ಕರಗತೊಡಗುತ್ತದೆ, ಇಬ್ಬನಿಯ ಬೆಳಿಗ್ಗೆ ಆ ಮಟ್ಟ ಮುಟ್ಟುವುದು ಸುಲಭ. ಹಾಗೆ ಮೆತ್ತಗಾದದ್ದನ್ನು ಓವನ್ನಿನಲ್ಲಿ 100 ಡಿಗ್ರಿಗೆ ಎಂಟು ಹತ್ತು ನಿಮಿಷ ಇಟ್ಟು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿದರೆ ಮತ್ತೆ ಗರಿಗರಿ. ಬಿಸಿಯಿದ್ದಾಗಲೇ ಮುಚ್ಚಿದರೆ ಅದರದೇ ಹಬೆ ಅದನ್ನು ಕೆಡಿಸುತ್ತದೆ.

ಅದಕ್ಕಿಂತ ಸುಲಭದ್ದು ಡಬ್ಬವನ್ನು ಬೆಳಿಗ್ಗೆ ಕಾಫಿಗೆ ತೆರೆಯದಿರುವುದು. ಎಂಟಕ್ಕೆ ಬಿಸಿಲೇರಿ ಇಬ್ಬನಿ ಆರುತ್ತದೆ. ಹತ್ತರಿಂದ ಹನ್ನೊಂದೂವರೆಯವರೆಗೆ ಘಟ್ಟದ ಕಡೆಯ ಒಣಗಾಳಿ ಉಳಿದಿರುತ್ತದೆ, ದಿನದಲ್ಲಿ ಎಲ್ಲಕ್ಕಿಂತ ಒಣಗಿದ ಹೊತ್ತು ಅದು. ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಅಂಚಿನಿಂದ ಕರಗುತ್ತ, ಉಳಿದ ಬಿಳಿ ಗಡ್ಡೆ ತಳಕ್ಕೆ ಇಳಿದಿರುತ್ತದೆ. ಗಟ್ಟಿ ತೆಂಗಿನೆಣ್ಣೆ ತೇಲುವುದಿಲ್ಲ, ಮುಳುಗುತ್ತದೆ. ಆ ಹೊತ್ತಿಗೆ ಡಬ್ಬ ತೆರೆದು ಎಲ್ಲರಿಗೂ ಹಂಚಬಹುದು. ಹನ್ನೆರಡಕ್ಕೆ ಸ್ವಲ್ಪ ಮೊದಲು ಪಡುವಣದ ಕಡೆಯ ತೆಂಗಿನ ಗರಿಗಳು ಒಮ್ಮೆಲೇ ಮಗ್ಗುಲು ಬದಲಿಸುತ್ತವೆ. ಗಾಳಿಗೆ ಉಪ್ಪಿನ ತೇವ ಬಂದಿರುತ್ತದೆ. ಮುಚ್ಚಳ ಬಿಗಿ ಮಾಡಬೇಕಾದದ್ದು ಆಗ.